ಖಂಡೇಪೂಜೆಯ ವೈರಸ್

ಕೃಷ್ಣವ್ವ ಚಹಾ ಮುಟ್ಟಲಿಲ್ಲ. ಬೈಲಹೊಂಗಲದ ಸಾವಿತ್ರೆವ್ವನ ಪಡಸಾಲೆಗೆ ಬಂದವರು ಚಹಾ ಕುಡಿಯದೆ ಮಾತು ಶುರು ಮಾಡಿದ್ದನ್ನು ಮೀನಾ ಅದುವರೆಗೆ ಕಂಡಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತನ್ನ ಮಗಳು ಯಾರ ಮನೆಯನ್ನೂ ಹಾಳು ಮಾಡುವವಳಲ್ಲ ಎಂದು ಆಕೆ ಮತ್ತೆ ಮತ್ತೆ ಹೇಳಿದಳು. ಹೆತ್ತವಳೊಬ್ಬಳು ಇಂಥ ಮಾತನ್ನು ಪರರ ಮನೆಯಲ್ಲಿ ಕುಳಿತು ಹೇಳಬೇಕಾಗಿ ಬಂದಿತಲ್ಲ ಎಂದೇ ಮೀನಾಳಿಗೆ ಅರ್ಧ ಸಿಟ್ಟು ಏರಿತು.

ಆಕೆಯ ಮಗಳು ಪ್ರಣಿತಾ ಕಿತ್ತೂರಿನ ಬಸಲಿಂಗಪ್ಪನ ಫೋಟೋ ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆದು ಆಲ್ಬಮ್ ತಯಾರಿಸುವ ಕೆಲಸದಲ್ಲಿದ್ದಳು. ಮಹಾನವಮಿಯಂದು ಅಲ್ಲಿ ಆಯುಧಪೂಜೆ, ಆ ಸೀಮೆಯವರ ಖಂಡೇಪೂಜೆ, ನಡೆದಿತ್ತು. ಮರುದಿನ ದಶಮಿಯ ಸಂಜೆ ನೋಡಿದರೆ ದೊಡ್ಡ ಕಂಪ್ಯೂಟರಿನಲ್ಲಿದ್ದ ಒಂದು ಚಿತ್ರವೂ ತೆರೆಯಲಿಲ್ಲ. ಬೇಸಿಗೆಯ ಅಷ್ಟೂ ಮದುವೆಗಳ ಫೋಟೋಗಳಿಗೆ ಯಾವುದೋ ವೈರಸ್ ಬೀಗ ಜಡಿದು, ತೆಗೆಯಬೇಕಾದರೆ ಹಣ ಕಳಿಸಿ ಎಂದು ಪರದೆಯ ಮೇಲೆ ನೋಟೀಸು ಅಂಟಿಸಿತ್ತು. ನಕಲು ಇಟ್ಟಿದ್ದ ಡಿಸ್ಕನ್ನು ಅದೇ ಯಂತ್ರಕ್ಕೆ ಸದಾ ಸಿಕ್ಕಿಸಿಟ್ಟಿದ್ದರಿಂದ ಅದೂ ಹೋಗಿತ್ತು. ಬಸಲಿಂಗಪ್ಪ ನಿಂತ ನಿಲುವಿನಲ್ಲೇ ಪ್ರಣಿತಾಳ ಹೆಸರು ಹೇಳಿದ. ಅವಳ ಪೆನ್ ಡ್ರೈವ್ ಮೇಜಿನ ಮೇಲೆ ಸಿಕ್ಕಿತ್ತಂತೆ, ಅಂಗಡಿಯ ಇನ್ನೊಂದು ಕೀಲಿಕೈ ಅವಳ ಹತ್ತಿರ ಇತ್ತಂತೆ. ಸಾಲದೆಂದು ಅವಳ ಫೋಟೋವನ್ನು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ, ವೈರಸ್ ತಂದವಳು ಇವಳೇ, ಎಚ್ಚರ ಎಂದು ಬರೆದಿದ್ದ.

"ನವಮಿ ಹಿಂದಿನ ದಿನಾನ ಮಗಳು ರಜಾ ತಗೊಂಡು ಮನಿಗೆ ಬಂದಿದ್ಲರಿ," ಎಂದಳು ಕೃಷ್ಣವ್ವ. "ದಶಮಿಗೆ ನಮ್ಮ ಬುದ್ಧವಿಹಾರದಾಗ ಕಾರ್ಯಕ್ರಮ ಇತ್ತು. ಓಣಿ ಮಂದಿಯೆಲ್ಲಾ ನೋಡ್ಯಾರ. ಅದನ್ನ ಹೇಳಿದ್ರ, ನಿಮ್ಮ ಮಂದಿ ನಿಮ್ಮ ಪರ ಹೇಳದ ಇನ್ನ್ಯಾರ ಪರ ಹೇಳತಾರ ಅಂದ."

ಪ್ರಣಿತಾ ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಆಯ್ಕೆಯಾಗಿದ್ದಳು. ಪೊಲೀಸರು ಅವಳ ನಡತೆ ವಿಚಾರಿಸುವುದೊಂದು ಬಾಕಿಯಿತ್ತು. ನಾಳೆ ಬೆಳಿಗ್ಗೆ ಗಿರಾಕಿಗಳೆಲ್ಲರ ಎದುರು ತಪ್ಪೊಪ್ಪಿಕೊಂಡು ಬರೆದುಕೊಡಬೇಕು, ಇಲ್ಲದಿದ್ದರೆ ಠಾಣೆಗೆ ದೂರು ಎಂದು ಬಸಲಿಂಗಪ್ಪ ಹೇಳಿ ಕಳಿಸಿದ್ದ. ಬರೆದುಕೊಟ್ಟರೂ ನೌಕರಿ ಹೋಯಿತು, ಕೊಡದಿದ್ದರೂ ಹೋಯಿತು.

ಸಾವಿತ್ರೆವ್ವ ಬೈಲಹೊಂಗಲದ ಕೋರ್ಟಿನಲ್ಲಿ ಶಿರಸ್ತೇದಾರಳಾಗಿ ನಿವೃತ್ತಳಾದವಳು. ವರ್ಷಾನುಗಟ್ಟಲೆ ಸಾಕ್ಷಿಗಳ ಮಾತು ಕೇಳಿ, ಯಾರು ಎಲ್ಲಿ ಉಗುಳು ನುಂಗುತ್ತಾರೆ ಎಂಬುದು ಆಕೆಗೆ ಬಾಯಿಪಾಠವಾಗಿತ್ತು. ಹೀಗಾಗಿ ಠಾಣೆಯ ಮೆಟ್ಟಿಲು ಹತ್ತಲು ಅಂಜುವ ಸುತ್ತಲಿನ ಜನ ಆಕೆಯ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಮೀನಾ ಅದೇ ಮನೆಯ ಮಾಳಿಗೆಯ ಬಾಡಿಗೆದಾರಳು, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಈ ಪತ್ತೇದಾರಿಕೆಗೆ ಸ್ಕೂಟರೂ ಅವಳದೇ, ಸಿಟ್ಟೂ ಅವಳದೇ.

"ಚಹಾ ಕುಡೀರಿ ಕೃಷ್ಣವ್ವ," ಎಂದು ಸಾವಿತ್ರೆವ್ವ ಎದ್ದಳು. "ನಾವು ಕಿತ್ತೂರಿಗೆ ಹೋಗಿ ಬರತೇವಿ. ಮಗಳಿಗೆ ಹೇಳ್ರಿ, ಒಂದಕ್ಷರ ಬರಕೊಡಬಾರದು."

ಬಸಲಿಂಗಪ್ಪ ಬಾಯಿತುಂಬ ಬರಮಾಡಿಕೊಂಡ. ತಪ್ಪಿತಸ್ಥೆ ಸಿಕ್ಕಾಯಿತು, ಇನ್ನು ಹಿರಿಯರ ಸಮ್ಮುಖದಲ್ಲಿ ಬಗೆಹರಿದರೆ ತನಗೂ ಸಮಾಧಾನ ಎಂದ. ಆ ಮೆತ್ತನೆಯ ದನಿ ಕೇಳಿಯೇ ಮೀನಾಳಿಗೆ ಮೈ ಉರಿಯಿತು. ದೊಡ್ಡ ಕಂಪ್ಯೂಟರು ಗೋಡೆಯ ಗೂಡಿನಲ್ಲಿ, ಬೆನ್ನು ಗೋಡೆಗೆ ಹತ್ತಿಸಿಕೊಂಡು ಕುಳಿತಿತ್ತು. ಬಾಡಿದ ಚೆಂಡುಹೂವಿನ ಮಾಲೆ ಅದನ್ನು ಗೂಡಿಗೇ ಬಿಗಿದಂತೆ ಸುತ್ತಿಕೊಂಡಿತ್ತು. ಮುಂಭಾಗದಲ್ಲಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಹಸಿ ವಿಭೂತಿ ಎರಡೂ ಪೆನ್ ಡ್ರೈವ್ ಕಿಂಡಿಗಳ ಮೇಲೆ ಹಾದು, ಒಣಗಿ ಗಟ್ಟಿಯಾಗಿತ್ತು. ಸಾವಿತ್ರೆವ್ವ ಕನ್ನಡಕ ಏರಿಸಿ ಅದನ್ನೇ ಬಹಳ ಹೊತ್ತು ನೋಡಿದಳು.

"ಇದನ್ನ ಒರಸಿ ಮತ್ತ ಹಚ್ಚೀರೇನ?"

"ಇಲ್ರಿ ಅಕ್ಕಾರ. ಪೂಜಿ ದಿನಾ ಹಚ್ಚಿದ್ದು ಹಂಗ ಐತಿ. ಖಂಡೇಪೂಜಿ ಆದ ಮ್ಯಾಲ ದಶಮಿಗೆ ಬನ್ನಿ ಕೊಡೂ ತನಕ ನಮ್ಮ ಪೈಕಿ ಯಾರೂ ಸಾಮಾನು ಮುಟ್ಟೂದಿಲ್ಲ. ಮುಟ್ಟಾವ್ರು ಯಾರು? ಈ ಪೂಜಿಗೆ ಕೈ ಮುಗಿಯದವ್ರು. ಇದ್ರಾಗ ಪತ್ತೇ ಹಚ್ಚೂದು ಏನೈತಿ?"

ಮೀನಾಳ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಸಾವಿತ್ರೆವ್ವ ಅವಳ ಕೈ ಅದುಮಿದ್ದಳು.

ಮೀನಾ ಮೊದಲು ಗೋಡೆಯ ಮೋಡೆಮ್ಮಿನಿಂದ ಇಂಟರ್ನೆಟ್ ತಂತಿ ಕಿತ್ತಳು. ಇಷ್ಟು ದಿನ ಅದನ್ನೂ ಯಾರೂ ಕಿತ್ತಿರಲಿಲ್ಲ! ಆಮೇಲೆ ಕುಳಿತು ನೋಡಿದಾಗ ಮೊದಲ ಫೋಟೋಕ್ಕೆ ಬೀಗ ಬಿದ್ದದ್ದು ನವಮಿಯ ಮಧ್ಯಾಹ್ನ ಎಂದು ತಿಳಿಯಿತು. ವಿಂಡೋಸಿನ ಜೊತೆಯಲ್ಲೇ ಬರುವ ಕಾವಲನ್ನು ಯಾರೋ ಬಂದ್ ಮಾಡಿದ್ದರು. ಬೇರೆ ಆಂಟಿವೈರಸ್ ಒಂದೂ ಇರಲಿಲ್ಲ. ಕೇಳಿದರೆ ಬಸಲಿಂಗಪ್ಪ ಎದೆ ಮುಂದೆ ಮಾಡಿದ. ಎಂ.ಕೆ. ಹುಬ್ಬಳ್ಳಿಯ ಭೀಮಶಿ ಎಂಬ ರಿಪೇರಿಯವನು ಆಂಟಿವೈರಸ್ ಮಾರಲು ಬಂದಿದ್ದ, ತಾನು ಕೊಳ್ಳದೆ ಅಟ್ಟಿದೆ, ಹೋಗುವಾಗ ಅವನು ನಾಳೆ ನನ್ನ ಕಾಲು ಹಿಡಿಯುತ್ತೀ ಎಂದು ಬೈದು ಹೋದ ಎಂದ. ಅಂಗಡಿಯಲ್ಲಿ ತಾನೆಷ್ಟು ಬಿಗಿ ಎಂಬುದನ್ನೂ ಹೇಳಿಕೊಂಡ. ಯಂತ್ರದ ಮುಖ್ಯ ಪಾಸ್‌ವರ್ಡ್ ತನ್ನೊಬ್ಬನಿಗೇ ಗೊತ್ತು, ಸ್ವಂತ ಮಗ ಅಪ್ಪುವಿಗೂ ಹೇಳಿಲ್ಲ. ಪೂಜೆಯ ಹಿಂದಿನ ದಿನ ಕ್ಯಾಮೆರಾ, ಲೈಟು ಎಲ್ಲವನ್ನೂ ಮಗ ತೊಳೆದು ಒರೆಸಿದ, ಕಂಪ್ಯೂಟರನ್ನು ಮಾತ್ರ ಅವನಿಗೆ ಮುಟ್ಟಗೊಡದೆ ತಾನೇ ಕುಳಿತು ಸ್ವಚ್ಛ ಮಾಡಿದೆ ಎಂದ.

ಅಪ್ಪು ಮದುವೆ ವಯಸ್ಸಿನ, ಅಪ್ಪನೆದುರು ದನಿಯೇಳದ ತರುಣ. ಸಾವಿತ್ರೆವ್ವ ಕೇಳಿದ್ದಕ್ಕೆ ಪೂಜೆಯ ಫೋಟೋ ತೋರಿಸಿದ. ಆರತಿಯ ಹೊತ್ತಿಗೆ ಪರದೆಯ ಮೇಲೆ ದೇವಿಯ ಚಿತ್ರ ಬೆಳಗುತ್ತಿತ್ತು. ದೇವರು ಮುಂದಿರುವಾಗ ಕತ್ತಲೆ ಮಾಡಬಾರದೆಂದು ನಂದಾದೀಪದಂತೆಯೇ ಕಂಪ್ಯೂಟರನ್ನೂ ಮರುದಿನದವರೆಗೆ ಆರಿಸಿರಲಿಲ್ಲವಂತೆ. ದಶಮಿಯಂದು ಅಪ್ಪ ಮೊದಲು ಒಬ್ಬನೇ ಹೋಗಿ ಅಂಗಡಿ ತೆರೆದು, ಸ್ವಲ್ಪ ಹೊತ್ತಿನ ಮೇಲೆ ತನ್ನನ್ನು ಕರೆದನಂತೆ. ಸಾವಿತ್ರೆವ್ವ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದಳು. ದೇವಿಯ ಪಾದದ ಕೆಳಗೆ, ಪರದೆಯ ಮೂಲೆಯಲ್ಲಿ, ಪುಟ್ಟದೊಂದು ಹಸಿರು ಗುರಾಣಿಯ ಗುರುತು ಇತ್ತು. ಈಗಿನ ಪರದೆಯಲ್ಲಿ ಅದು ಇರಲಿಲ್ಲ. ಆಕೆ ಫೋಟೋವನ್ನು ತನ್ನ ಫೋನಿಗೆ ಕಳಿಸಿಕೊಂಡಳು.

ಮೀನಾಳಿಗೆ ಭೀಮಶಿಯೇ ಕಳ್ಳ ಎಂದು ಗಟ್ಟಿಯಾಯಿತು. ಸರಕು ಮಾರಾಟವಾಗಲೆಂದು ರೋಗ ಹಚ್ಚುವವನು! ಕಬ್ಬಿನ ಟ್ರಾಕ್ಟರುಗಳ ಸಾಲು ದಾಟಿ ಎಂ.ಕೆ. ಹುಬ್ಬಳ್ಳಿ ಮುಟ್ಟುವವರೆಗೂ ಅವಳು ಸ್ಕೂಟರ್ ಮೇಲೆ ಅವನ ಜನ್ಮ ಜಾಲಾಡಿದಳು. ಭೀಮಶಿ ಮಾತ್ರ ಮುಚ್ಚುಮರೆ ಮಾಡಲಿಲ್ಲ.

"ಬೈದಿದ್ದು ಖರೇರಿ," ಎಂದ. "ನಿನ್ನ ಸಾಮಾನು ಇಂಟರ್ನೆಟ್ಟಿನಾಗ ಪುಕ್ಕಟ ಸಿಗತೈತಿ, ನಿನಗ್ಯಾಕ ರೊಕ್ಕಾ ಕೊಡ್ಲಿ ಅಂದ್ರು. ಪುಕ್ಕಟ ಸಿಗೂದು ಬ್ಯಾರೆ, ಕದ್ದದ್ದು ಸಿಗೂದು ಬ್ಯಾರೆ ಅಂದೆ. ಎಲ್ಲಾರ ಮುಂದ ನಕ್ಕು ಹೊರಗ ಹಾಕಿದ್ರು. ಆವತ್ತಿನಿಂದ ಆ ಕಡೆ ತಲಿ ಹಾಕಿಲ್ಲ."

ಸಾವಿತ್ರೆವ್ವ ಫೋಟೋ ತೋರಿಸಿದಳು. ತಾನು ಮಾರುವ ಯಾವ ಆಂಟಿವೈರಸ್ಸಿಗೂ ಈ ಗುರುತಿಲ್ಲ, ಇದು ಹೆಸರಾಂತ ಕಂಪನಿಯೊಂದರ ಗುರುತಿನ ನಕಲು ಎಂದು ಅವನು ಹೇಳಿದ. ನಾಳೆ ಕಿತ್ತೂರಿಗೆ ಬಾ ಎಂದು ಅವನಿಗೆ ಹೇಳಿ ಇಬ್ಬರೂ ಮರಳಿದರು.

ಮರುದಿನ ಸ್ಟುಡಿಯೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗಿಯ ತಪ್ಪೊಪ್ಪಿಗೆ ಕೇಳಲೆಂದು ಬಸಲಿಂಗಪ್ಪನೇ ಜನ ಸೇರಿಸಿದ್ದ. ಮಗಳ ಮದುವೆಯ ಫೋಟೋ ಕಳೆದುಕೊಂಡ ದೇಗಾಂವದ ಪರಸಪ್ಪ ಮುಂದಿನ ಕುರ್ಚಿಯಲ್ಲಿದ್ದ. ಪ್ರಣಿತಾ ತಾಯಿಯ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಳು. ಅವಳಿಗೆ ಕುಳಿತುಕೋ ಎಂದವರಿಲ್ಲ. ಮೀನಾ ತನ್ನ ಕುರ್ಚಿ ಎತ್ತಿ ಅವಳ ಹಿಂದೆ ಇಟ್ಟು ಬಂದಳು.

"ಎಲ್ಲಾರೂ ಈ ವಿಭೂತಿ ನೋಡ್ರಿ," ಎಂದು ಸಾವಿತ್ರೆವ್ವ ಶುರು ಮಾಡಿದಳು. "ಪೂಜಿ ದಿನಾ ಹಚ್ಚಿದ್ದು, ಒರಸಿಲ್ಲ ಅಂತ ಮಾಲಕರ ಹೇಳ್ಯಾರ. ಕಿಂಡಿ ಮ್ಯಾಲ ಒಂದು ಬಿರುಕು ಸೈತ ಇಲ್ಲ. ಪೂಜಿ ಆದ ಮ್ಯಾಲ ಇಲ್ಲಿ ಪೆನ್ ಡ್ರೈವ್ ಹೆಂಗ ಹೋತು?"

ಹಿಂದಿನಿಂದ ಚುಚ್ಚಬಹುದಲ್ಲ ಎಂದ ಬಸಲಿಂಗಪ್ಪ. ಹಿಂದೆ ಕೈ ಹೋಗಬೇಕಾದರೆ ಮಾಲೆ ಹರಿದು ಯಂತ್ರವನ್ನು ಗೂಡಿನಿಂದ ಎಳೆಯಬೇಕು, ಮಾಲೆ ಹರಿದಿಲ್ಲ ಎಂದು ಆಕೆ ತೋರಿಸಿದಳು. ಪ್ರಣಿತಾಳ ಪೆನ್ ಡ್ರೈವ್ ಮೇಜಿನ ಮೇಲೆ ಸಿಕ್ಕಿದ್ದರಲ್ಲಿ ಏನು ವಿಶೇಷ? ಅವಳು ಕೆಲಸ ಮಾಡುವ ಮೇಜು ಅದು.

ಹಾಗಾದರೆ ನವಮಿಯ ಮಧ್ಯಾಹ್ನ ಯಂತ್ರ ಮುಟ್ಟಿದವರು ಯಾರು? ಯಾರೂ ಇಲ್ಲ ಎಂದಳು ಸಾವಿತ್ರೆವ್ವ. ಎಲ್ಲರೂ ಮುಟ್ಟಿದವರನ್ನು ಹುಡುಕಿದ್ದೇ ತಪ್ಪು. ವೈರಸ್ ಪೂಜೆಗೆ ಮೊದಲೇ ಒಳಗಿತ್ತು. ಜನ ಕೈ ಮುಗಿದು ಹೋದ ಮೇಲೆ, ಆರಿಸದೆ ಬಿಟ್ಟ ಕಂಪ್ಯೂಟರಿನಲ್ಲಿ, ಯಾರ ಕಣ್ಣೂ ಇಲ್ಲದ ಹೊತ್ತಿನಲ್ಲಿ ಅದು ಒಂದೊಂದೇ ಫೋಟೋಕ್ಕೆ ಬೀಗ ಹಾಕುತ್ತ ಹೋಯಿತು.

ಅಪ್ಪುವಿನ ಫೋಟೋವನ್ನು ಆಕೆ ಎಲ್ಲರಿಗೂ ತೋರಿಸಿದಳು. ಆರತಿಯ ಹೊತ್ತಿಗೆ ಹಸಿರು ಗುರಾಣಿ ಇತ್ತು. ಅದು ಆಂಟಿವೈರಸ್ಸೊಂದರ ಗುರುತಿನ ನಕಲು ಎಂದು ಬಾಗಿಲಲ್ಲಿ ನಿಂತಿದ್ದ ಭೀಮಶಿ ಹೇಳಿದ. ಆಂಟಿವೈರಸ್ ಕೊಳ್ಳಲೇ ಇಲ್ಲ ಎಂದ ಮನುಷ್ಯನ ಯಂತ್ರದಲ್ಲಿ ಆಂಟಿವೈರಸ್ಸಿನ ಗುರುತು ಎಲ್ಲಿಂದ ಬಂತು? ಅದನ್ನು ಹಾಕಲು, ಮೊದಲಿದ್ದ ಕಾವಲನ್ನು ಬಂದ್ ಮಾಡಲು, ಕೊನೆಗೆ ಗುರುತು ಸಿಗದಂತೆ ಕಿತ್ತುಹಾಕಲು, ಮೂರಕ್ಕೂ ಮುಖ್ಯ ಪಾಸ್‌ವರ್ಡ್ ಬೇಕು. ಅದು ಒಬ್ಬರಿಗೇ ಗೊತ್ತು.

"ಪೂಜಿ ಹಿಂದಿನ ದಿನಾ ಒಬ್ಬರ ಕುಂತು ಕಂಪ್ಯೂಟರ್ ಸ್ವಚ್ಛ ಮಾಡಿದವರು ನೀವು," ಎಂದಳು ಸಾವಿತ್ರೆವ್ವ. "ದಶಮಿ ದಿನಾ ಒಬ್ಬರ ಬಂದು ಬಾಗಲಾ ತಗದವರೂ ನೀವು. ಮಗನ್ನ ಕರಿಯೂಕಿಂತ ಮೊದಲ ಏನು ಮಾಡಿದ್ರಿ, ಹೇಳ್ರಿ."

ಬಸಲಿಂಗಪ್ಪ ಉಗುಳು ನುಂಗಿದ. ಅಪ್ಪು ಅಪ್ಪನ ಮುಖವನ್ನೇ ನೋಡುತ್ತಿದ್ದ. ಕೊನೆಗೆ ಬಸಲಿಂಗಪ್ಪ ಕುರ್ಚಿಗೆ ಕುಸಿದು ಬಾಯಿ ಬಿಟ್ಟ. ಪೂಜೆಗೆ ಎಲ್ಲ ಸಾಮಾನು ತೊಳೆಯುತ್ತೇವೆ, ಕಂಪ್ಯೂಟರಿನ ಒಳಗೂ ಶುದ್ಧವಾಗಲಿ ಎಂದು ಹುಡುಕಿದಾಗ, ದುಡ್ಡಿನ ಆಂಟಿವೈರಸ್ಸನ್ನು ಪುಕ್ಕಟೆ ಕೊಡುತ್ತೇವೆ ಎನ್ನುವ ಜಾಗ ಸಿಕ್ಕಿತು. ಹಳೆಯ ಕಾವಲು ಬಂದ್ ಮಾಡಿ ಇದನ್ನು ಹಾಕಿಕೋ ಎಂದು ಅದರಲ್ಲಿತ್ತು, ಹಾಗೇ ಮಾಡಿದ. ದಶಮಿಯಂದು ನೋಡಿದ ಕೂಡಲೇ ಎಲ್ಲ ತಿಳಿಯಿತು. ಗಿರಾಕಿಗಳು ಬಿಡುವುದಿಲ್ಲ ಎಂಬ ಅಂಜಿಕೆಗೆ ಅದನ್ನು ಅಳಿಸಿಹಾಕಿದ.

ಮೀನಾ ಇಷ್ಟು ಹೊತ್ತು ಹಲ್ಲು ಕಚ್ಚಿ ಕುಳಿತದ್ದೇ ಹೆಚ್ಚು. ಕಾವಲುಗಾರನನ್ನು ಮಲಗಿಸಿ ಬಾ ಎನ್ನುವವನು ಕಳ್ಳನಲ್ಲದೆ ಮತ್ಯಾರು ಎಂದು ಅವಳು ಎದ್ದೇ ನಿಂತಳು. ವಿಂಡೋಸಿನದೇ ಕಾವಲನ್ನು ಬಂದ್ ಮಾಡದೆ, ಆಗಾಗ ಅಪ್‌ಡೇಟ್ ಮಾಡಿಕೊಂಡಿದ್ದರೆ ಈ ಅಂಗಡಿಗೆ ಅದೇ ಸಾಕಾಗುತ್ತಿತ್ತು. ಬೇರೆಯದು ಬೇಕೆನಿಸಿದರೆ ಪುಕ್ಕಟೆಯದಾಗಲಿ ದುಡ್ಡಿನದಾಗಲಿ ಅದನ್ನು ಮಾಡಿದ ಕಂಪನಿಯಿಂದಲೇ ನೇರ ತಗೊಳ್ಳಬೇಕು, ಕದ್ದ ಕೀಲಿಕೈಯಿಂದ ತೆರೆದದ್ದನ್ನಲ್ಲ. ನಕಲಿನ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಿತ್ತು ಬೇರೆ ಕಡೆ ಇಡಬೇಕು. ಬೀಗ ಹಾಕಿದವರಿಗೆ ಬಿಡಿಗಾಸೂ ಕಳಿಸಬಾರದು, ಕಳಿಸಿದರೂ ಬೀಗ ತೆಗೆಯುತ್ತಾರೆಂಬ ಖಾತರಿಯಿಲ್ಲ. ಆಲ್ಬಮ್ ಮುದ್ರಿಸಲು ಬೆಳಗಾವಿಯ ಲ್ಯಾಬಿಗೆ ಕಳಿಸಿದ ಪುಟಗಳು ಅಲ್ಲಿ ಉಳಿದಿರುತ್ತವೆ, ಮೊದಲು ಅವನ್ನು ತರಿಸಿರಿ ಎಂದಳು. ಉಳಿದವು ಸಿಗುವುದು ಕಷ್ಟ ಎಂಬುದನ್ನೂ ಮುಚ್ಚಿಡಲಿಲ್ಲ.

"ವೈರಸ್ ಯಾರ ಮನಿಗರ ಬರತೈತಿ," ಎಂದಳು. "ಅದು ನಿಮ್ಮ ತಪ್ಪಲ್ಲ ಅಂತನ ತಿಳ್ಕೊಳ್ಳೋಣು. ಗೊತ್ತಿದ್ದೂ ಗೊತ್ತಿದ್ದೂ ಈ ಹುಡುಗಿ ತಲಿಗೆ ಕಟ್ಟಿದ್ರಲ್ಲ, ಅದಕ್ಕೇನಂತೀರಿ?"

ಬಸಲಿಂಗಪ್ಪ ತಲೆ ಎತ್ತದೆ ಪ್ರಣಿತಾಳ ಕಡೆ ಕೈ ಮುಗಿದ. ದೂರು ಕೊಡುವುದಿಲ್ಲ, ಸ್ಟೇಟಸ್ಸಿನಲ್ಲಿ ಕ್ಷಮೆ ಹಾಕುತ್ತೇನೆ, ಕೆಲಸಕ್ಕೂ ಬಾ ಎಂದ. ಎಲ್ಲಿ ಹೆಸರು ಕೆಡಿಸಿದರೋ ಅಲ್ಲೇ, ನಿಮ್ಮ ಹೆಸರಿಟ್ಟು, ನಡೆದದ್ದನ್ನು ನಡೆದ ಹಾಗೆ ಹಾಕಿರಿ ಎಂದು ಸಾವಿತ್ರೆವ್ವ ಅವನ ಕೈಗೆ ಫೋನ್ ಕೊಟ್ಟಳು. ಅವನು ಟೈಪು ಮಾಡಿ ಮುಗಿಸಿ, ಅಪ್ಪು ಅದನ್ನು ಗಟ್ಟಿಯಾಗಿ ಓದುವವರೆಗೆ ಯಾರನ್ನೂ ಏಳಗೊಡಲಿಲ್ಲ.

ಇನ್ನು ಮುಗಿಯಿತು ಎಂದು ಜನ ಚಪ್ಪಲಿ ಹುಡುಕತೊಡಗಿದಾಗ ಪ್ರಣಿತಾ ಮೊದಲ ಸಲ ಬಾಯಿ ತೆರೆದಳು. ಕೇಳಿದ್ದು ಬಸಲಿಂಗಪ್ಪನನ್ನಲ್ಲ.

"ಪರಸಪ್ಪ ಕಾಕಾ, ಅಂಗಡಿ ಕೀಲಿಕೈ ಅಪ್ಪು ಅಣ್ಣನ ಕಡೆನೂ ಇತ್ತು. ಮಾಲಕರ ಕಡೆನೂ ಇತ್ತು. ನಿಮ್ಮ ಮಗಳ ಮದವ್ಯಾಗ ಎಲ್ಲಾ ದಿನಾ ನಿಂತು ಫೋಟೋ ತಗದಾಕಿ ನಾನು. ಇವರು ನನ್ನ ಹೆಸರು ಹೇಳಿದಾಗ, ಹೌದೋ ಅಲ್ಲೋ ಅಂತ ನೀವು ಒಂದ ಮಾತು ಕೇಳಿದ್ರೇನ್ರಿ?"

ಪರಸಪ್ಪ ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡ. ಕೆಟ್ಟ ಮನುಷ್ಯನಲ್ಲ, ಸುಳ್ಳು ಹೇಳಲು ಅವನಿಗೆ ಬರಲಿಲ್ಲ.

"ಇಲ್ಲವ್ವಾ," ಎಂದ. "ಕೇಳಬೇಕು ಅಂತ ಅನಸಲೇ ಇಲ್ಲ."

ಅದನ್ನು ಕೇಳಿ ಅಲ್ಲಿದ್ದವರು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪ್ರಣಿತಾ ತಾಯಿಯ ಕೈ ಹಿಡಿದು ಹೊರಗೆ ಬಂದು, ಬೈಲಹೊಂಗಲದ ಬಸ್ಸಿಗೆ ಕಾಯುತ್ತ ನಿಂತಳು.