ಚಾವಡಿಯಲ್ಲಿ ಒಡೆದ ಸೂಕ್ಷ್ಮದರ್ಶಕ

"ಫೌಜದಾರ್ರ, ಆ ಹೆಂಗಸನ್ನ ಸಂಜಿಯೊಳಗ ಊರು ಬಿಡಸ್ತಾರ್ರಿ. ಲಗೂ ಬರ್ರಿ!"

ಮೋತಿಲಾಲ ಸೈಕಲ್ಲಿನಿಂದ ಇಳಿಯುವ ಮೊದಲೇ ಕೂಗಿದ. ಇದು 1964ರ ಮಾತು. ನಾನು ಹಳಿಯಾಳದಲ್ಲಿ ಕಂಪೌಂಡರ್. ನಿವೃತ್ತ ಪೊಲೀಸ್ ಫೌಜದಾರ ಬಸಲಿಂಗಯ್ಯನವರದು ಪಕ್ಕದ ಮನೆ.

ಪಟ್ಟಣದ ವಿಜ್ಞಾನ ಸಂಗ್ರಹಾಲಯವನ್ನು ಎಂದೂ ಕಾಣದ ಜನಕ್ಕೆ ಊರೂರಿಗೆ ಗಾಡಿಯಲ್ಲಿ ಯಂತ್ರಗಳನ್ನು ಒಯ್ದು ತೋರಿಸುವುದು ಮೋತಿಲಾಲನ ಕೆಲಸ. ತೇರಗಾಂವದ ಆಚೆಯ ಹಳ್ಳಿಯೊಂದರ ಚಾವಡಿಯಲ್ಲಿ ಮೊದಲ ದಿನ ಮೇಲಿನ ಓಣಿಯವರ ಪಾಳಿ, ಎರಡನೆಯ ದಿನ ಕೇರಿಯವರದು. ಬಾವಿನೀರಿನ ಹನಿಯೊಳಗೆ ಓಡಾಡುವ ಹುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಜನ ಹೌಹಾರಿದ್ದರು. ಆ ಮೊದಲ ದಿನವೇ ಸಂಜೆ ಕಸ ಗುಡಿಸಲು ಬಂದ ಕೇರಿಯ ಮಾಲವ್ವನನ್ನೂ ಮೋತಿಲಾಲ ಕರೆದು ತೋರಿಸಿದ್ದ. ಮರುದಿನ ಬೆಳಿಗ್ಗೆ ಅವನು ಕೆರೆಗೆ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಯಂತ್ರ ಚೂರುಚೂರಾಗಿತ್ತು. ಆಗ ಚಾವಡಿಯ ಹತ್ತಿರ ಇದ್ದವರು ಗೌಡ ನಾಗಲಿಂಗಪ್ಪ, ಶಾಲೆಯ ಮಾಸ್ತರ ಈಶಪ್ಪ ಮತ್ತು ಮಾಲವ್ವ. ಹೊಡೆತ ಯಾರಿಗೆ ಬಿತ್ತು ಎಂದು ಕೇಳುವುದೇ ಬೇಡ.

ನಾವು ಹೋದಾಗ ಮಾಲವ್ವ ಚಾವಡಿಯ ಕಟ್ಟೆಯ ಕೆಳಗೆ ಕುಳಿತಿದ್ದಳು. ಬಲಗೈಯ ಬೆರಳುಗಳು ಬಾತಿದ್ದವು. ನಾನು ಪಟ್ಟಿ ಕಟ್ಟುತ್ತಿದ್ದರೆ ಮೇಲಿನ ಓಣಿಯ ಜನ ಜಾತ್ರೆಗೆ ಬಂದವರಂತೆ ನೋಡುತ್ತ ನಿಂತರು. ನನಗೆ ಮೈಯೆಲ್ಲ ಉರಿಯಿತು.

ಬಸಲಿಂಗಯ್ಯನವರು ಗಾಜಿನ ಒಂದು ಚೂರನ್ನು ಎತ್ತಿಕೊಟ್ಟರು. "ಮೂಸಿ ನೋಡ್ರಿ."

ಗೋಮೂತ್ರದ ವಾಸನೆ! ಗಾಜಿನ ಮೇಲೆ ಹಳದಿ ಕಲೆ ಒಣಗಿತ್ತು. ಒಡೆದ ಅಂಚು ಮಾತ್ರ ಸ್ವಚ್ಛವಾಗಿತ್ತು.

"ಗೌಡ್ರ, ನೀವು ಇದರಾಗ ನೋಡಿದ್ರೇನು?"

"ಹುಳಾ ನೋಡೂದು ನಮಗ್ಯಾಕ್ರಿ? ನಾ ಕಣ್ಣೂ ಹಚ್ಚಿಲ್ಲ."

"ಮಾಸ್ತರ, ನೀವು?"

ಈಶಪ್ಪ ಎದೆಯುಬ್ಬಿಸಿದ. "ಎಂಟು ಸಲ ನೋಡೇನಿ! ಈ ಗಾಡಿ ತರಸಾಕ ಅರ್ಜಿ ಬರದಾಂವ ನಾನ ರೀ."

ಇಳಿಹೊತ್ತಿಗೆ ಊರೆಲ್ಲ ಚಾವಡಿಯಲ್ಲಿ ಸೇರಿತು. ಮಾಲವ್ವನನ್ನು ಅಂಗಳದಲ್ಲೇ ನಿಲ್ಲಿಸಿದ್ದರು.

"ಗೋಮೂತ್ರದ ಕಲಿ ಗಾಜಿನ ಮ್ಯಾಲ ಐತಿ, ಒಡೆದ ಅಂಚಿನಾಗ ಇಲ್ಲ," ಎಂದರು ಬಸಲಿಂಗಯ್ಯನವರು. "ಅಂದ್ರ ಮೊದಲ ಗೋಮೂತ್ರ ಹಾಕಿ ತೊಳದಾರ, ಆಮ್ಯಾಲ ಒಡದಾರ. ಒಡಿಯೂದಽ ಇದ್ರ ತೊಳಿಯೂದ್ಯಾಕ? ಮಾಲವ್ವ ತಾನು ಮುಟ್ಟಿದ್ದನ್ನ ತಾನ ಶುದ್ಧ ಮಾಡಂಗಿಲ್ಲ. ಗೌಡ್ರಿಗೆ ನೋಡೂದಽ ಬ್ಯಾಡಾಗಿತ್ತು. ಆಕಿ ಕಣ್ಣು ಹಚ್ಚಿದ ಮ್ಯಾಲ ಮತ್ತ ತಾನು ಕಣ್ಣು ಹಚ್ಚಬೇಕು ಅನ್ನಾಂವ ಮಾತ್ರ ತೊಳೀತಾನ. ಹೌದಿಲ್ಲೋ, ಮಾಸ್ತರ?"

ಈಶಪ್ಪ ಎದ್ದು ನಿಂತ. "ಒಂದಽ ಸಲ ಮತ್ತ ನೋಡಬೇಕಂತ ಮಾಡಿದ್ನಿರಿ... ಗೋಮೂತ್ರ ಒಳಗ ಹೊಕ್ಕು ಎಲ್ಲಾ ಮಂಜ ಮಂಜ ಆತು. ಕೆಡಿಸಿದೆ ಅಂದ್ರ ನನ್ನ ಮಾನ ಹೋಗ್ತಿತ್ತು. ಅದಕ್ಕ ಒಡದ್ನಿ."

"ಆಕೀನ್ನ ಬಡಿಯೂ ಮುಂದ ಎಲ್ಲಿದ್ರಿ?"

"ಇಲ್ಲೇ ನಿಂತಿದ್ನಿರಿ."

ಗೌಡ ಗಂಟಲು ಸರಿಮಾಡಿಕೊಂಡ. "ಒಡೆದದ್ದು ತಪ್ಪಾತು. ತೊಳದದ್ರಾಗ ತಪ್ಪೇನಿಲ್ಲ ಬಿಡ್ರಿ." ಎಲ್ಲರೂ ತಲೆಯಾಡಿಸಿದರು. ನೆಮ್ಮದಿಯಿಂದ ತಲೆಯಾಡಿಸಿದರು, ಅದನ್ನು ನಾನು ಇಂದಿಗೂ ಮರೆತಿಲ್ಲ.

ಮಾಲವ್ವ ಅಂಗಳದಿಂದ ಕೇಳಿದಳು: "ಹಂಗಾರ ನಾ ಊರಾಗ ಇರಬಹುದೇನ್ರಿ?"

"ಇರು," ಎಂದ ಗೌಡ. "ಮೊದಲ ಈ ಗಾಜು ಬಳಿ. ನಮ್ಮ ಹುಡುಗರ ಕಾಲಿಗೆ ಚುಚ್ಚೀತು."

ಅವಳು ಎಡಗೈಯಲ್ಲಿ ಕಸಬರಿಗೆ ಹಿಡಿದು ಮೆಟ್ಟಿಲು ಹತ್ತಿದಳು. ಯಾರೂ ಬೇಡ ಅನ್ನಲಿಲ್ಲ. ಬಸಲಿಂಗಯ್ಯನವರು ಅನ್ನಲಿಲ್ಲ, ನಾನೂ ಅನ್ನಲಿಲ್ಲ.