ಸಾದಲಿ ಬಸ್ಸಿನ ಬೋರ್ಡು

ಕೊರಿಯರ್ ಗಂಗುಲಪ್ಪನಿಗೆ ಅದೆಂಥ ಬುದ್ಧಿ! ಪಾರ್ಸಲ್ ಮೇಲೆ ಕನ್ನಡಕ ಅಂತ ಬರೆದದ್ದು ಕಂಡದ್ದೇ ತಡ, ಸ್ಕೂಲಿನ ವಿಳಾಸ ಓದುವ ಗೋಜಿಗೂ ಹೋಗದೆ, ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನೆದುರು ಭಾನುಪ್ರಕಾಶನ ಕನ್ನಡಕದಂಗಡಿಗೆ ಕೊಟ್ಟು ನಡೆದುಬಿಟ್ಟಿದ್ದ. ಅದರ ಮೇಲಿದ್ದ ಹೆಸರು ತನುಜಾ ಟೀಚರದ್ದು.

ಗುರುವಾರ ಸಂಜೆ ಭಾನು ಕರೆದು ಅದನ್ನು ಕೈಗಿಟ್ಟಾಗ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ತನುಜಾಗೆ.

ಅನ್ನಿಸದೆ ಇನ್ನೇನು? ಹೋದ ತಿಂಗಳು ಇದೇ ಸ್ಟೂಲಿನ ಮೇಲೆ ಕೂರಿಸಿ ಅವಳ ಕಣ್ಣು ಟೆಸ್ಟ್ ಮಾಡಿದವನು ಇವನೇ. ಫೀಸೆಷ್ಟು ಎಂದರೆ, "ಕನ್ನಡಕ ಇಲ್ಲೇ ಮಾಡಿಸ್ತೀರಲ್ಲ, ಫೀಸ್ ಯಾಕೆ ಮೇಡಂ?" ಎಂದು ನಕ್ಕಿದ್ದ. ಈ ಊರಲ್ಲಿ ನಡೆದುಬಂದಿರುವುದೂ ಹಾಗೇ. ಅವಳೋ, ಸೈಬರ್ ಸೆಂಟರಿಗೆ ಹೋಗಿ ನೆಟ್‌ನಲ್ಲಿ ಆರ್ಡರ್ ಕೊಡಲು ಕೂತಳು. ಅಷ್ಟಕ್ಕೇ ಮುಗಿಯಿತೇ? ಎರಡು ಕಣ್ಣುಗಳ ನಡುವಿನ ಅಳತೆ ಬೇಕೆಂದು ಕಂಪ್ಯೂಟರ್ ಕೇಳಿತು. ನಾಚಿಕೆ ಬಿಟ್ಟು ಮತ್ತೆ ಇವನ ಹತ್ತಿರವೇ ಬಂದಳು. ಅವನು ಮೂಗಿನ ಮೇಲೆ ಸ್ಕೇಲಿಟ್ಟು, ಉಸಿರು ಬಿಗಿಹಿಡಿದು, ಅವಳ ಕಣ್ಣಲ್ಲಿ ಕಣ್ಣಿಟ್ಟು ಅಳೆದುಕೊಟ್ಟಿದ್ದ. ಯಾಕೆಂದು ಕೇಳಿರಲಿಲ್ಲ.

ಇವತ್ತು ಕೇಳಿದ. "ನನ್ನ ಅಂಗಡಿ ಕನ್ನಡಕ ಚೆನ್ನಾಗಿರಲ್ಲ ಅನ್ನಿಸ್ತಾ?"

"ಅಯ್ಯೋ, ಹಂಗಲ್ಲ." ಅವಳ ತಲೆ ಮೇಲೇಳಲಿಲ್ಲ. "ಚಿಕ್ಕವಳಿದ್ದಾಗ ಎಲ್ರೂ ಸೋಡಾಬುಡ್ಡಿ ಅಂತಿದ್ರು. ಅವತ್ತು ಬಿಸಾಕಿದ್ದು, ಮತ್ತೆ ಹಾಕ್ಕೊಳ್ಳಲಿಲ್ಲ. ನಿಮ್ಮ ಮುಂದೆ ಹಾಕ್ಕೊಂಡು ಕನ್ನಡಿ ನೋಡ್ಕೊಳ್ಳೋಕೆ ನಾಚ್ಕೆ ಆಯ್ತು. ಬೇರೆ ಯಾರಾಗಿದ್ರೂ ಪರವಾಗಿರ್ಲಿಲ್ಲ."

"ಮೈನಸ್ ನಾಲ್ಕು ಅಂತ ಬರೆದವನೇ ನಾನಲ್ವೇನ್ರೀ!" ಎಂದು ನಕ್ಕವನಿಗೆ, ಅವಳ ಕೊನೆಯ ಮಾತು ಆಮೇಲೆ ತಟ್ಟಿತು. ಕಿವಿಗಳು ಕೆಂಪಾದವು.

ಅವನೇ ಪಾರ್ಸಲ್ ಬಿಚ್ಚಿ ತೊಡಿಸಿದ. ಕಿವಿಯ ಹಿಂದೆ ಕಡ್ಡಿ ಸರಿಮಾಡಿದ.

"ನಾನೂ ಒಂದು ತಪ್ಪು ಮಾಡಿದೀನಿ," ಎಂದ ಮೆಲ್ಲಗೆ. "ಇದು ಸೋಮವಾರವೇ ಬಂದಿತ್ತು. ಬೋರ್ಡು ಕಾಣದೆ, ಸಾದಲಿ ಬಸ್ ಬಂತಾ ಅಂತ ದಿನಾ ನನ್ನನ್ನೇ ಕೇಳ್ತಿದ್ರಲ್ಲ. ಇದು ಹಾಕ್ಕೊಂಡ್ರೆ ಇನ್ನು ಕೇಳಲ್ಲ ಅಂತ... ಕೊಡೋಕೆ ಮನಸ್ಸೇ ಬರ್ಲಿಲ್ಲ."

ತನುಜಾ ತಲೆಯೆತ್ತಿದಳು. ಅವನ ಹುಬ್ಬಿನ ಪಕ್ಕ ಒಂದು ಸಣ್ಣ ಮಚ್ಚೆ ಇತ್ತು. ಇಷ್ಟು ದಿನ ಕಂಡೇ ಇರಲಿಲ್ಲ.

ಹೊರಗೆ ಹಾರನ್ ಆಯಿತು. ಬಸ್ಸಿನ ಹಣೆಯ ಮೇಲೆ 'ಸಾದಲಿ' ಎಂದು ಬರೆದಿತ್ತು. ಅಕ್ಷರದ ಬಣ್ಣ ಎದ್ದುಹೋದದ್ದು ಸಹ ಅವಳಿಗೆ ಸ್ಪಷ್ಟವಾಗಿ ಕಂಡಿತು.

"ಅದ್ಯಾವ ಬಸ್ಸು, ಭಾನು?" ಎಂದು ಕೇಳಿದಳು.

ಅವನು ಬಸ್ಸನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ನಿಮ್ಮದಲ್ಲ ಬಿಡಿ."

"ಹೌದಾ?" ಎಂದು ತನುಜಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಆರಾಮವಾಗಿ ಕೂತಳು.