ಒಡ್ಡಿನಾಚೆಯ ದನಿ

ಮಗಳು ಸತ್ಯವ್ವನಿಗೆ ಐದು ವರ್ಷವಿದ್ದಾಗ ಒಂದು ಮಾತು ಕೊಟ್ಟಿದ್ದೆ: ಗುಳೇದಗುಡ್ಡದ ಊರಾಚೆ, ಗುಡ್ಡದ ಮೇಲಿನ ಹಳೇ ಹೊಲಗಳಿಗೆ ಒಂದು ದಿನ ಕರೆದೊಯ್ಯುತ್ತೇನೆ, ಆದರೆ ಎತ್ತಿಕೊಳ್ಳುವುದಿಲ್ಲ. ಪೋಲಿಯೊದಿಂದ ಅವಳ ಎಡಗಾಲು ಸೊರಗಿತ್ತು. ಕಂಡವರೆಲ್ಲ ಎತ್ತಿಕೊಳ್ಳುವುದು ಅವಳಿಗೆ ಸೇರುತ್ತಿರಲಿಲ್ಲ.

೧೯೭೮ರ ಎಳ್ಳಮಾವಾಸ್ಯೆಯ ದಿನ ಮಗ್ಗ ನಿಲ್ಲಿಸಿ ಇಬ್ಬರೇ ಹೊರಟೆವು. ದಾರಿ ಸಲೀಸು. ಗುಡ್ಡದುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಯಾವ ಕಾಲದವರೋ ಕಟ್ಟಿದ ಕಲ್ಲಿನ ಒಡ್ಡುಗಳು. ಈಗ ಅಲ್ಲಿ ಉಳುವವರಿಲ್ಲ. ಭೂಮಿತಾಯಿಗೆ ಚರಗದ ಅನ್ನ ಚೆಲ್ಲುತ್ತ ನಾನು "ಹುಲ್ಲುಲಿಗ್ಯೋ" ಎಂದು ಹಬ್ಬದ ಕೂಗು ಹಾಕಿದರೆ, ಹಿಂದಿನಿಂದ ಅವಳು "ಚೆಲ್ಲಂಬ್ರಿಗ್ಯೋ" ಎನ್ನುತ್ತಿದ್ದಳು.

ಅರ್ಧ ದಾರಿಯಲ್ಲಿ ಕುಳಿತುಬಿಟ್ಟಳು.

"ಸಾಕಾತೇನವಾ? ಎತ್ಕೊಳ್ಳಲೇನು?"

"ನಿನಗ ಸಾಕಾಗಿದ್ರ ನೀ ಕುಂದ್ರು. ಇಲ್ಲಾಂದ್ರ ಒದರು, ನಾ ಬರ್ತೇನಿ."

"ಹುಲ್ಲುಲಿಗ್ಯೋ" ಎಂದು ಕೂಗಿದೆ. ಉತ್ತರ ಅವಳಿಂದ ಬರಲಿಲ್ಲ. ಮುಂದಿನ ಒಡ್ಡಿನಾಚೆಯಿಂದ ಬಂತು, ಏಳೆಂಟು ಹೆಂಗಸರ ದನಿಯಲ್ಲಿ "ಚೆಲ್ಲಂಬ್ರಿಗ್ಯೋ". ಒಣ ಬಂಡೆಯಿಂದ ಆಗತಾನೇ ಮಳೆ ಬಿದ್ದ ಹೊಲದ ವಾಸನೆ ಎದ್ದಿತು.

"ಯಾರೋ ಕರೀತಾರ, ನಡಿ ಯವ್ವಾ," ಎಂದು ಸತ್ಯವ್ವ ಎದ್ದಳು.

ಅವಳೇ ಮುಂದಾದಳು. ಆಮೇಲೆ ನಾನು ಕೂಗು ಹಾಕಲಿಲ್ಲ. ಆದರೂ ನಾವು ಒಂದು ಒಡ್ಡು ದಾಟಿದರೆ ಆ ದನಿ ಇನ್ನೊಂದು ಒಡ್ಡಿನಾಚೆ ಕೇಳುತ್ತಿತ್ತು. ತುದಿ ಮುಟ್ಟಿದಾಗ ಅಲ್ಲಿ ಯಾರೂ ಇರಲಿಲ್ಲ. ಕಡೆಯ ಒಡ್ಡಿನ ಮೇಲೆ ಎಳ್ಳು ಹಚ್ಚಿದ ಎರಡು ಸಜ್ಜೆ ರೊಟ್ಟಿ ಇದ್ದವು, ಇನ್ನೂ ಬಿಸಿಯಾಗಿ.

ಅವತ್ತು ನಾನು ಸತ್ಯವ್ವನನ್ನು ಒಂದು ಹೆಜ್ಜೆಯೂ ಎತ್ತಿಕೊಳ್ಳಲಿಲ್ಲ.